ಕೂಡುರಸ್ತೆಯ ನಕ್ಷೆಯಲ್ಲಿ ಕಾಣದ ಕಾಡಿನ ಗೇಟು

ಮೈಸೂರಿನಿಂದ ತೆಂಕಣಕ್ಕೆ ಹೊರಟ ರಾಷ್ಟ್ರೀಯ ಹೆದ್ದಾರಿ 766 ಕಪಿಲೆಯನ್ನು ದಾಟಿ ನಂಜನಗೂಡನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಗುಂಡ್ಲುಪೇಟೆ, ಬಂಡೀಪುರದ ಕಾಡು, ವಯನಾಡು, ಕೊನೆಗೆ ಕೋಳಿಕ್ಕೋಡು. ಇದೇ ಹೆದ್ದಾರಿಯ ಇನ್ನೊಂದು ತೋಳು ಮೈಸೂರಿನಿಂದ ಮೂಡಣಕ್ಕೆ ಚಾಚಿ ತಿ. ನರಸೀಪುರದ ಮೂಲಕ ಕೊಳ್ಳೇಗಾಲ ಸೇರುತ್ತದೆ. ಹಳೆಯ 212ನೇ ಸಂಖ್ಯೆ ಬದಲಾಗಿ ವರ್ಷಗಳು ಕಳೆದಿವೆ. ಆದರೆ ಈ ಎರಡು ಪಟ್ಟಣಗಳ ಕೂಡುರಸ್ತೆಗಳು ಮಾತ್ರ ಎತ್ತಿನ ಗಾಡಿಯ ಕಾಲದಲ್ಲಿ ಕವಲೊಡೆದ ಕಡೆಯಲ್ಲೇ ಇಂದಿಗೂ ಇವೆ. ಚಾಮರಾಜನಗರ, ಹುಲ್ಲಹಳ್ಳಿ, ಸುತ್ತೂರು ಕಡೆಯ ದಾರಿಗಳೆಲ್ಲ ನಂಜನಗೂಡಿನಲ್ಲಿ ಹೆದ್ದಾರಿಗೆ ಬಂದು ಬೀಳುತ್ತವೆ. ಮಲೆಯಂಚಿನ ಹಳ್ಳಿಗಳಿಂದ ಮೈಸೂರಿನ ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ಹೊರಟವರು ಇಲ್ಲಿ ಸಿಕ್ಕಿಕೊಳ್ಳದೆ ಹೋಗುವಂತಿಲ್ಲ.

ಆದುದರಿಂದ ಈ ಕೂಡುರಸ್ತೆಗಳನ್ನು ಹೊಸದಾಗಿ ರೂಪಿಸಬೇಕೆಂಬ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಪರಿಸರದ ಹೆಸರಿನಲ್ಲಿ ಅದನ್ನು ವಿರೋಧಿಸುವುದು ಅವಿವೇಕವೇ ಆದೀತು. 2023ರ ಮೇ 29ರಂದು ತಿ. ನರಸೀಪುರದ ಬಳಿ ಕುರುಬೂರಿನಲ್ಲಿ ಖಾಸಗಿ ಬಸ್ಸಿಗೆ ಕಾರೊಂದು ಡಿಕ್ಕಿಯಾಗಿ ಹತ್ತು ಮಂದಿ ಪ್ರಾಣ ಕಳೆದುಕೊಂಡುದನ್ನು ಈ ಭಾಗದವರು ಮರೆತಿಲ್ಲ. ಪ್ರಶ್ನೆಯಿರುವುದು ಬೇರೆಡೆ: ಯಾವ ಲೆಕ್ಕವನ್ನು ನಂಬಿ ನಕ್ಷೆ ಬರೆಯಲಾಗುತ್ತದೆ?

ಹೆದ್ದಾರಿ ಯೋಜಕರ ಲೆಕ್ಕ ಕುತೂಹಲಕರವಾದುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಪ್ರತಿಯೊಂದು ವಾಹನವನ್ನೂ ಕಾರಿನ ಅಳತೆಗೆ ತಂದು ಕೂಡಲಾಗುತ್ತದೆ. ಕಾರು ಒಂದಾದರೆ ಬಸ್ಸು ಲಾರಿಗಳು ಮೂರು, ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನಾಲ್ಕೂವರೆ, ಎತ್ತಿನ ಗಾಡಿ ಎಂಟು. ಎಂದರೆ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟ ರೈತನು ಈ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ರಸ್ತೆಯ ಒಡೆಯನಾಗಿ ಅಲ್ಲ, ಅಡಚಣೆಯಾಗಿ. ನಡೆದು ಹೋಗುವವನಿಗಂತೂ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಇನ್ನೂ ಒಂದು ನಿಯಮವುಂಟು: ಜಾತ್ರೆ, ಪ್ರದರ್ಶನಗಳಂತಹ ‘ಅಸಹಜ’ ದಿನಗಳಲ್ಲಿ ವಾಹನ ಗಣತಿ ನಡೆಸಬಾರದು, ಕೆಲವು ದಿನ ಮುಂದೂಡಬೇಕು. ಬೇರೆ ಊರಿಗೆ ಇದು ಸರಿಯಿರಬಹುದು. ಆದರೆ ಸೋಮವಾರ, ಹುಣ್ಣಿಮೆಗಳಲ್ಲೆಲ್ಲ ಜನ ನೆರೆಯುವ, ದೊಡ್ಡಜಾತ್ರೆಗೆ ಐದು ರಥಗಳನ್ನೆಳೆಯುವ ನಂಜನಗೂಡಿನಲ್ಲಿ ಸಹಜವಾದುದು ಯಾವುದು, ಅಸಹಜವಾದುದು ಯಾವುದು? ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಮಾದಪ್ಪನ ಬೆಟ್ಟದತ್ತ ಕಾಲ್ನಡಿಗೆಯಲ್ಲಿ ಹೊರಡುವ ಪರಸೆಯವರು ಯಾವ ಗಣತಿಗೂ ಸಿಕ್ಕದೆ ಹೆದ್ದಾರಿಯ ಅಂಚಿನಲ್ಲೇ ಸಾಗುತ್ತಾರೆ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ, 2025ರಲ್ಲಿಯೂ ನಡೆಯಿತು.

ಇದಕ್ಕಿಂತಲೂ ದೊಡ್ಡ ಲೋಪ ಇನ್ನೊಂದಿದೆ. ವಾಹನಗಳ ಸಂಖ್ಯೆ ವರ್ಷಕ್ಕೆ ಶೇಕಡಾ 5ರಂತೆ ಬೆಳೆಯುವುದೆಂದು ಹಿಡಿದರೆ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಅದು ಇಮ್ಮಡಿಯಾಗುತ್ತದೆ. ಆ ಇಮ್ಮಡಿಗೆ ತಕ್ಕಂತೆ ಮೇಲ್ಸೇತುವೆ, ಸುತ್ತುಗವಲುಗಳನ್ನು ಯೋಜಿಸುವುದು ರೂಢಿ. ಆದರೆ ನಂಜನಗೂಡಿನ ದಕ್ಷಿಣಕ್ಕೆ ಈ ಹೆದ್ದಾರಿಗೊಂದು ಬಾಗಿಲಿದೆ. ಮದ್ದೂರು ಚೆಕ್‌ಪೋಸ್ಟಿನ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ರಾತ್ರಿಯಲ್ಲಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶವದು. ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲ್ಪಟ್ಟು, ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ಮರಳಿ ಜೀವ ಪಡೆದು, 2010ರಲ್ಲಿ ಅದೇ ನ್ಯಾಯಾಲಯದಿಂದ ಎತ್ತಿಹಿಡಿಯಲ್ಪಟ್ಟಿತು. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಅಡ್ಡಿಯಿಲ್ಲ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿಯಿದೆ.

ಹೀಗಿರುವಾಗ, ಕಾಡಿನ ಗೇಟು ಇಲ್ಲವೇ ಇಲ್ಲವೆಂಬಂತೆ ಲೆಕ್ಕ ಹಾಕಿ ನಂಜನಗೂಡಿನಲ್ಲಿ ಭಾರೀ ಕೂಡುರಸ್ತೆ ಕಟ್ಟಿದರೆ ಏನಾದೀತು? ಕಟ್ಟಿದ್ದು ಖಾಲಿ ಬಿದ್ದರೆ ಹಣ ಪೋಲಾಯಿತೆಂಬ ಕೂಗು ಏಳುತ್ತದೆ. ತುಂಬಿದರೆ ಮುಂದಿನ ಇಕ್ಕಟ್ಟು ಗುಂಡ್ಲುಪೇಟೆಗೂ ಮದ್ದೂರಿಗೂ ಜಾರುತ್ತದೆ. ಎರಡೂ ಬಗೆಯಲ್ಲಿ ಬೆರಳು ತೋರುವುದು ಆ ಗೇಟಿನ ಕಡೆಗೇ. 2018ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಕಾಡಿನೊಳಗೆ ಐದು ಕಡೆ ಎತ್ತರಿಸಿದ ರಸ್ತೆ ಕಟ್ಟಿ ರಾತ್ರಿ ಸಂಚಾರ ತೆರೆಯುವ ಪ್ರಸ್ತಾಪವನ್ನು ಮುಂದಿಟ್ಟಿತ್ತು. ಪಟ್ಟಣದಲ್ಲಿ ಸುರಿದ ಕಾಂಕ್ರೀಟು ಅಂತಹ ಪ್ರಸ್ತಾಪಗಳಿಗೆ ಮತ್ತೆ ಕೈಮರವಾಗಬಾರದು.

ಇನ್ನು ನೀರಿನ ಮಾತು. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ನಂಜನಗೂಡಿನ ತಗ್ಗು ಮುಳುಗುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಸಂಚಾರ ನಿಂತಿತು. ಇಂತಹ ಜಾಗದಲ್ಲಿ ಕೂಡುರಸ್ತೆಯನ್ನು ಮಣ್ಣು ತುಂಬಿಸಿ ಎತ್ತರಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹಾಗೆ ಮಾಡಿದರೆ ರಸ್ತೆಯೇನೋ ಒಣಗಿರುತ್ತದೆ. ಏರಿಯ ಮೇಲುಗಡೆಯ ಗದ್ದೆ ಮನೆಗಳು ಕೆರೆಯಾಗುತ್ತವೆ. ಕಂಬಗಳ ಮೇಲೆ ಎತ್ತಿ, ಕೆಳಗೆ ನದಿಗೆ ಹರವು ಬಿಡುವುದಕ್ಕೆ ಖರ್ಚು ಹೆಚ್ಚು, ನಿಜ. ಆದರೆ ನದಿಗೆ ದಾರಿ ಬಿಟ್ಟು ಕಟ್ಟುವುದು ಈ ಊರಿಗೆ ಹೊಸದಲ್ಲ. 1735ರಲ್ಲಿ ದಳವಾಯಿ ದೇವರಾಜಯ್ಯ ಕಪಿಲೆಗೆ ಕಟ್ಟಿಸಿದನೆನ್ನುವ ಕಲ್ಲುಸೇತುವೆ ರಸ್ತೆಯನ್ನೂ ರೈಲನ್ನೂ ಹೊತ್ತು, ನೂರಾರು ಮಳೆಗಾಲ ಕಂಡು ಇನ್ನೂ ನಿಂತಿದೆ.

ಆಗಬೇಕಾದುದು ದೊಡ್ಡದೇನಲ್ಲ. ಎಲ್ಲ ಕವಲುಗಳ ಸಂಚಾರ ಸೇರಿ ಗಂಟೆಗೆ 10,000 ಕಾರಿನ ಲೆಕ್ಕವನ್ನು ಮೀರಿದಾಗ ಬಹುಮಟ್ಟದ ಕೂಡುರಸ್ತೆ ಸಮರ್ಥನೀಯವೆಂದು ರೋಡ್ಸ್ ಕಾಂಗ್ರೆಸ್ಸಿನ ಸೂಚಿಯೇ ಹೇಳುತ್ತದೆ. ಅದಕ್ಕೆ ಕೆಳಗಿದ್ದರೆ ಚೆನ್ನಾಗಿ ರೂಪಿಸಿದ ವೃತ್ತ, ವೇಗ ತಗ್ಗಿಸುವ ತಿರುವು, ಬಸ್ಸು ನಿಲ್ಲಲು ಪ್ರತ್ಯೇಕ ಜಾಗ, ದನಕರು ಜನ ದಾಟಲು ಕೆಳದಾರಿ, ಟ್ರ್ಯಾಕ್ಟರಿಗೆ ಪಕ್ಕದ ರಸ್ತೆ, ಇಷ್ಟರಲ್ಲೇ ಬಹುಪಾಲು ಅಪಾಯ ಕಳೆಯುತ್ತದೆ. ಹತ್ತಾರು ಎಕರೆ ನೀರಾವರಿ ಭೂಮಿಯೂ ಉಳಿಯುತ್ತದೆ.

ಈ ಮಾತನ್ನು ಹೇಳುವ ವೇದಿಕೆ ಮಾತ್ರ ಕಿರಿದು. 2006ರ ಪರಿಸರ ಪರಿಣಾಮ ಅಧಿಸೂಚನೆಯನ್ನು 2013ರಲ್ಲಿ ತಿದ್ದಿ, 100 ಕಿಲೋಮೀಟರಿಗಿಂತ ಉದ್ದದ, ಹೆಚ್ಚುವರಿ ಅಗಲ 40 ಮೀಟರು ಮೀರಿದ ಹೆದ್ದಾರಿ ವಿಸ್ತರಣೆಗಷ್ಟೇ ಪರಿಸರ ಅನುಮತಿ ಬೇಕೆಂದು ಮಾಡಲಾಯಿತು. ಒಂದು ಕೂಡುರಸ್ತೆ ಆ ಬಲೆಗೆ ಬೀಳುವುದೇ ಇಲ್ಲ; ಸಾರ್ವಜನಿಕ ಅಹವಾಲು ಸಭೆಯ ಮಾತೂ ಇಲ್ಲ. ರೈತನಿಗೆ ವಿಷಯ ತಿಳಿಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಪ್ರಕಟಣೆ ಹೊರಬಿದ್ದಾಗ. ಆಕ್ಷೇಪ ಸಲ್ಲಿಸಲು ಉಳಿಯುವುದು 21 ದಿನ. ನಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ.

ಆದುದರಿಂದ ಗ್ರಾಮಸಭೆಗಳು ಪ್ರಕಟಣೆಗೆ ಕಾಯಬೇಕಾಗಿಲ್ಲ. ನಂಜನಗೂಡು, ತಿ. ನರಸೀಪುರದ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಸೋಮವಾರ, ಒಂದು ಹುಣ್ಣಿಮೆ, ಕಬ್ಬು ಅರೆಯುವ ತಿಂಗಳಿನ ಒಂದು ದಿನ ಕೂಡುರಸ್ತೆಗಳಲ್ಲಿ ನಿಂತು ನಡೆಯುವವರನ್ನೂ ಗಾಡಿಗಳನ್ನೂ ಎಣಿಸಬಲ್ಲರು; ರಾತ್ರಿ 9ರ ನಂತರ ಮದ್ದೂರಿನ ಕಡೆಗೆ ಹೋಗುವ ವಾಹನಗಳ ಲೆಕ್ಕವನ್ನೂ ಜೊತೆಗೆ ಇಡಬಲ್ಲರು. ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರಿನ ಗೋಡೆಗಳ ಮೇಲೆ ಗುರುತಿಸಿ ಬರೆದಿಡಲು ಎಂಜಿನಿಯರರೇ ಬೇಕೆಂದಿಲ್ಲ. ಆ ಕಾಗದಗಳು ಪಂಚಾಯಿತಿಯ ನಿರ್ಣಯದೊಡನೆ ಹೆದ್ದಾರಿ ಕಚೇರಿಯನ್ನು ನಕ್ಷೆಗಿಂತ ಮೊದಲೇ ಮುಟ್ಟಬೇಕು.