ಗೆದ್ದು ತೊರೆದ ಕ್ಷೇತ್ರ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ವಾಸವಾಗಿದ್ದು ಕೇರಳದ ಮಂಜೇಶ್ವರದಲ್ಲಿ ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ಉಳ್ಳ ಮತದಾರನೊಬ್ಬನು, ಎರಡೂ ಊರು ತನ್ನವೇ ಎಂಬ ಕಾರಣಕ್ಕೆ ಎರಡೂ ಕಡೆಯ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವಂತಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 17ನೇ ಕಲಂ ಅದನ್ನು ನಿಷೇಧಿಸುತ್ತದೆ. ಪಟ್ಟಿಗೆ ಸೇರಲು ತಿಳಿದೂ ಸುಳ್ಳು ಘೋಷಣೆ ಕೊಟ್ಟವನಿಗೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆದರೆ ಅದೇ ಮತದಾರನನ್ನು ಪ್ರತಿನಿಧಿಸಬಯಸುವವನಿಗೆ 1951ರ ಕಾಯ್ದೆಯ 33ನೇ ಕಲಮಿನ 7ನೇ ಉಪಕಲಂ, ಒಂದೇ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಿಂದ ನಾಮಪತ್ರ ಸಲ್ಲಿಸಲು ಅನುಮತಿಸುತ್ತದೆ.

ಈ ‘ಎರಡು’ ಎಂಬ ಮಿತಿಯೂ ಬಂದದ್ದು 1996ರ ತಿದ್ದುಪಡಿಯಿಂದ. ಅದಕ್ಕೆ ಮೊದಲು ಮಿತಿಯೇ ಇರಲಿಲ್ಲವಾದ್ದರಿಂದ 1985ರಲ್ಲಿ ಎನ್.ಟಿ. ರಾಮರಾವ್ ಆಂಧ್ರಪ್ರದೇಶದ ಮೂರು ವಿಧಾನಸಭಾ ಕ್ಷೇತ್ರಗಳಲ್ಲಿ ಗೆದ್ದು ಹಿಂದೂಪುರವನ್ನು ಮಾತ್ರ ಇಟ್ಟುಕೊಂಡರು. ಒಂದೇ ಸದನದ ಎರಡು ಸ್ಥಾನ ಗೆದ್ದವರು 14 ದಿನಗಳೊಳಗೆ ಒಂದನ್ನು ಬಿಡಬೇಕು, ಬಿಡದಿದ್ದರೆ ಎರಡೂ ತೆರವಾಗುತ್ತವೆ ಎಂದು 1951ರ ಕಾಯ್ದೆಯ 70ನೇ ಕಲಂ ಮತ್ತು ಅದರಡಿಯ ನಿಯಮ ಹೇಳುತ್ತವೆ. ಯಾವುದನ್ನು ಬಿಡಬೇಕೆಂಬ ಆ ನಿರ್ಧಾರದಲ್ಲಿ, ಬಿಸಿಲಲ್ಲಿ ಸಾಲುಗಟ್ಟಿ ನಿಂತು ಮತ ಹಾಕಿದ ಜನರಿಗೆ ಯಾವ ಪಾತ್ರವೂ ಇಲ್ಲ.

ಕರ್ನಾಟಕ ಇದನ್ನು ಬಲ್ಲದು. 1999ರಲ್ಲಿ ಬಳ್ಳಾರಿ ಮತ್ತು ಅಮೇಠಿ ಎರಡರಲ್ಲೂ ಗೆದ್ದ ಸೋನಿಯಾ ಗಾಂಧಿಯವರು ಅಮೇಠಿಯನ್ನು ಉಳಿಸಿಕೊಂಡದ್ದರಿಂದ ಬಳ್ಳಾರಿಯವರು ಮರುವರ್ಷವೇ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. 2018ರ ಮೇ ತಿಂಗಳಲ್ಲಿ ರಾಮನಗರ ಮತ್ತು ಚನ್ನಪಟ್ಟಣ ಎರಡನ್ನೂ ಗೆದ್ದ ಎಚ್.ಡಿ. ಕುಮಾರಸ್ವಾಮಿಯವರು ರಾಮನಗರವನ್ನು ಬಿಟ್ಟರು. ನವೆಂಬರ್ 3ರಂದು ಅಲ್ಲಿ ಉಪಚುನಾವಣೆ, ಅಂದರೆ ತೆರವಾದ ಒಂದು ಸ್ಥಾನಕ್ಕಾಗಿಯೇ ನಡೆಯುವ ಚುನಾವಣೆ, ನಡೆಯಿತು. ಮತದಾನಕ್ಕೆ ಎರಡು ದಿನ ಉಳಿದಿರುವಾಗ ಬಿಜೆಪಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ಸಿಗೆ ಮರಳಿದರು, ಕುಮಾರಸ್ವಾಮಿಯವರ ಪತ್ನಿ ಅನಿತಾ ಕುಮಾರಸ್ವಾಮಿಯವರು 1 ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಐದು ತಿಂಗಳಿಗೂ ಹೆಚ್ಚು ಕಾಲ ಶಾಸಕರಿಲ್ಲದೆ ಉಳಿದ ರಾಮನಗರಕ್ಕೆ ಕಡೆಗೆ ದೊರೆತದ್ದು ಸ್ಪರ್ಧೆಯೇ ಇಲ್ಲದ ಒಂದು ಮತದಾನ. ಅದಕ್ಕಾಗಿ ಮತಗಟ್ಟೆ ಸಿಬ್ಬಂದಿ, ಪೊಲೀಸರು, ಯಂತ್ರಗಳು ಎಲ್ಲವೂ ಸಾರ್ವಜನಿಕ ವೆಚ್ಚದಲ್ಲಿ ಮತ್ತೊಮ್ಮೆ ಸಜ್ಜಾಗಬೇಕಾಯಿತು.

ಎರಡರಲ್ಲೂ ಸೋತರೆ ಉಪಚುನಾವಣೆಯ ಖರ್ಚಿಲ್ಲ, ಹಾನಿಯೂ ಇಲ್ಲ ಎನ್ನುವವರು ಮಂಗಳೂರಿನ ನೆರೆಯ ಮಂಜೇಶ್ವರವನ್ನು ನೋಡಬೇಕು. 2021ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯ ಅಂದಿನ ರಾಜ್ಯಾಧ್ಯಕ್ಷ ಕೆ. ಸುರೇಂದ್ರನ್ ಅವರು ರಾಜ್ಯದ ಉತ್ತರ ತುದಿಯ ಮಂಜೇಶ್ವರದಿಂದಲೂ ದಕ್ಷಿಣದ ಪತ್ತನಂತಿಟ್ಟ ಜಿಲ್ಲೆಯ ಕೋನ್ನಿಯಿಂದಲೂ ಸ್ಪರ್ಧಿಸಿ, ಪ್ರಚಾರಕ್ಕಾಗಿ ಹೆಲಿಕಾಪ್ಟರಿನಲ್ಲಿ ಓಡಾಡಿದರು. 2016ರಲ್ಲಿ ಮಂಜೇಶ್ವರದಲ್ಲೇ ಕೇವಲ 89 ಮತಗಳಿಂದ ಸೋತಿದ್ದ ಅವರು ಈ ಸಲ ಅಲ್ಲಿ 745 ಮತಗಳಿಂದ ಸೋತರು, ಕೋನ್ನಿಯೂ ದಕ್ಕಲಿಲ್ಲ. ತುಳು, ಕನ್ನಡ, ಮಲಯಾಳಗಳು ಹೆಣೆದುಕೊಂಡಿರುವ, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗುವ ಸಂಕಟವನ್ನು ವರ್ಷಗಳಿಂದ ಅನುಭವಿಸುತ್ತಿರುವ ಆ ಗಡಿನಾಡಿನ ಮತದಾರನಿಗೆ, ತನ್ನೆದುರು ನಿಂತವರು ಗೆದ್ದರೂ ತನ್ನಲ್ಲೇ ಉಳಿಯುವರೆಂಬ ಭರವಸೆಯನ್ನು ಕಾನೂನು ಕೊಡಲಿಲ್ಲ.

ರಾಜ್ಯವೆಲ್ಲ ಸುತ್ತಿ ಪ್ರಚಾರ ಮಾಡಬೇಕಾದ ನಾಯಕರಿಗೆ ಎರಡನೆಯ ಕ್ಷೇತ್ರ ರಕ್ಷಣೆಯಾಗುತ್ತದೆಂಬ ವಾದಕ್ಕೆ ಬಲವಿದೆ. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತ ಸಿದ್ದರಾಮಯ್ಯನವರು ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದದ್ದರಿಂದಲೇ ವಿಧಾನಸಭೆಯಲ್ಲಿ ಉಳಿದರು. ಆದರೆ ಸೋಲಿನ ಭಯ ನಾಯಕನದು, ಅದರ ಬೆಲೆಯನ್ನು ಕ್ಷೇತ್ರವೇಕೆ ತೆರಬೇಕು?

ಚುನಾವಣಾ ಆಯೋಗವು 2004ರಲ್ಲಿಯೇ ಒಬ್ಬರಿಗೆ ಒಂದೇ ಕ್ಷೇತ್ರವೆಂದು ಸೂಚಿಸಿ, ಅದಾಗದಿದ್ದರೆ ಸ್ಥಾನ ಬಿಡುವವರಿಂದ ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿ ವಸೂಲು ಮಾಡಬೇಕೆಂದಿತು. ಎರಡನೆಯ ಸಲಹೆ ಒಪ್ಪತಕ್ಕದ್ದಲ್ಲ. ವಿಧಾನಸಭೆಗೆ ಅಭ್ಯರ್ಥಿಯ ವೆಚ್ಚದ ಮಿತಿಯೇ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿಯಾಗಿರುವಾಗ ಅಂಥ ದಂಡ ಹಣವಂತರಿಗೆ ತಡೆಯಾಗದು, ಪ್ರತಿನಿಧಿಯಿಲ್ಲದೆ ಕಳೆದ ತಿಂಗಳುಗಳನ್ನು ಅದು ಕ್ಷೇತ್ರಕ್ಕೆ ಮರಳಿಸಲಾರದು. ಕಾನೂನು ಆಯೋಗದ 255ನೇ ವರದಿ 2015ರಲ್ಲಿ ಒಂದೇ ಕ್ಷೇತ್ರದ ನಿಯಮವನ್ನು ಶಿಫಾರಸು ಮಾಡಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಸಂಸತ್ತು ನಿರ್ಧರಿಸಬೇಕಾದ ನೀತಿಯ ವಿಷಯವೆಂದು, ಎರಡು ಕ್ಷೇತ್ರಗಳ ಸ್ಪರ್ಧೆಯನ್ನು ಪ್ರಶ್ನಿಸಿದ್ದ ಅರ್ಜಿಯನ್ನು ವಜಾ ಮಾಡಿತು. ಹಾಗಾಗಿ 33ನೇ ಕಲಮಿನ ‘ಎರಡು’ ಎಂಬುದನ್ನು ‘ಒಂದು’ ಎಂದು ತಿದ್ದುವ ಹೊಣೆ, ಆ ಸೌಲಭ್ಯವನ್ನು ತಾವೇ ಬಳಸಿಕೊಳ್ಳುವ ಪಕ್ಷಗಳ ಮೇಲೆಯೇ ಬಿದ್ದಿದೆ.