ಮುಂದಾಳು ಯಾವ ಪಂಕ್ತಿಯಲ್ಲಿ?

ಸಂಘವೆಂದ ಮೇಲೆ ಮುಂದಾಳು ಬೇಕು. ಮುಂದಾಳು ಎಂದ ಮೇಲೆ ಅವನನ್ನು ಅಳೆಯುವ ಕೋಲೊಂದು ಬೇಕು. ಅಧ್ಯಕ್ಷರ ಕುರ್ಚಿ, ಕೊರಳಿನ ಹಾರ, ಭಾಷಣದ ಉದ್ದ, ಇವು ಯಾವುವೂ ಆ ಕೋಲಾಗಲಾರವು. ಕ್ರೈಸ್ತ ಧರ್ಮದಲ್ಲಿ ಇದಕ್ಕೊಂದು ಅಳತೆಯಿದೆ. ಅದು ಕ್ರೈಸ್ತರಿಗಷ್ಟೇ ಅಲ್ಲ, ಮುಂಬಯಿಯಲ್ಲಿ ದುಡಿದು ಉಣ್ಣುವ ಕನ್ನಡಿಗರೆಲ್ಲರಿಗೂ ಸಲ್ಲತಕ್ಕದ್ದು.

ಯೇಸುಕ್ರಿಸ್ತನು ಬಡಗಿಯ ಮನೆಯಲ್ಲಿ ಬೆಳೆದವನು. ಆತನ ಮೊದಲ ಶಿಷ್ಯರು ಬಲೆ ಬೀಸಿ ಹೊಟ್ಟೆ ಹೊರೆಯುತ್ತಿದ್ದ ಬೆಸ್ತರು. ಇಂಥ ಬಡವರಲ್ಲಿಯೂ ತಮ್ಮಲ್ಲಿ ಯಾರು ಹೆಚ್ಚಿನವರೆಂಬ ಚರ್ಚೆ ಹುಟ್ಟಿತು! ಕಡೆಯ ಭೋಜನದ ರಾತ್ರಿ ಗುರುವು ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆದನು. ಆ ಕಾಲದಲ್ಲಿ ಅದು ಮನೆಯಾಳಿನ ಕೆಲಸ. ಪೇತ್ರನು ಬೇಡವೆಂದರೂ ಗುರುವು ಬಿಡಲಿಲ್ಲ. ಮೇಲಿರಬೇಕಾದವನು ಸೇವೆಯಲ್ಲಿ ಕೆಳಗಿರಬೇಕೆಂಬುದೇ ಅದರ ತಾತ್ಪರ್ಯ.

ಈಸ್ಟರಿಗೆ ಮುಂಚಿನ ಗುರುವಾರ ಇಗರ್ಜಿಗಳಲ್ಲಿ ಪಾದ್ರಿಗಳು ಕಾಲು ತೊಳೆಯುವ ಪದ್ಧತಿ ಇಂದಿಗೂ ಉಂಟು. 2013ರಲ್ಲಿ ಪೋಪ್ ಫ್ರಾನ್ಸಿಸರು ಇದಕ್ಕಾಗಿ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋದರು. ಅವರು ಕಾಲು ತೊಳೆದವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸಲ್ಮಾನರೂ ಇದ್ದರು.

ಆದರೆ ವರ್ಷಕ್ಕೊಂದು ದಿನ ಕಾಲು ತೊಳೆದು, ಉಳಿದ 364 ದಿನ ಬೇರೆ ಪಂಕ್ತಿಯಲ್ಲಿ ಉಂಡರೆ ಏನು ಫಲ? ಈ ಪ್ರಶ್ನೆ ನಮ್ಮ ಕರಾವಳಿಯ ತರುಣರೊಬ್ಬರನ್ನು ಕಾಡಿತ್ತು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ಹದಿನಾರನೆಯ ವಯಸ್ಸಿನಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿದರು. ಅಲ್ಲಿ ಮೇಲಿನವರಿಗೆ ಎತ್ತರದ ಮೇಜು, ಒಳ್ಳೆಯ ಊಟ. ಕಲಿಯುವ ಹುಡುಗರಿಗೆ ಬೇರೆ ಊಟ. ಈ ಪಂಕ್ತಿಭೇದ ಕಂಡು ತಮಗೆ ಬೇಸರ ಬಂತೆಂದು ಅವರೇ ಮುಂದೆ ಹೇಳಿದ್ದಾರೆ. ಅವರು ಸೆಮಿನರಿ ಬಿಟ್ಟರು. ಆದರೆ ಅವರು ಎತ್ತಿದ ಪ್ರಶ್ನೆ ಆ ಬೋಗುಣಿಯದೇ ಅಲ್ಲವೇ?

ಮುಂಬಯಿಗೆ ಬಂದವರು ಮಲಗಿದ್ದು ಚೌಪಾಟಿಯ ಬೆಂಚಿನ ಮೇಲೆ. ಅವರಿಗೆ ಗುರುವಾಗಿ ಸಿಕ್ಕವರು ಗೋದಿ ಕಾರ್ಮಿಕರ ಮುಂದಾಳು ಪ್ಲಾಸಿಡ್ ಡಿಮೆಲ್ಲೊ, ನಮ್ಮ ಕರಾವಳಿಯವರೇ. 1958ರಲ್ಲಿ ತೀರಿಕೊಂಡ ಡಿಮೆಲ್ಲೊ ಅವರ ಹೆಸರು, ಹಿಂದೆ ಫ್ರಿಯರ್ ರೋಡ್ ಎನಿಸಿದ್ದ ಬಂದರು ಬದಿಯ ರಸ್ತೆಗೆ ಇದೆ. ಫೆರ್ನಾಂಡಿಸರು ಟ್ಯಾಕ್ಸಿ ಚಾಲಕರನ್ನೂ ಹೊಟೇಲು ಕಾರ್ಮಿಕರನ್ನೂ ಒಗ್ಗೂಡಿಸಿದರು. 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದರು.

ಬಾಗುವವನು ಆಳಲಾರ, ಮುಂದಾಳಿಗೆ ಗತ್ತು ಬೇಕೆಂದು ಕೆಲವರು ವಾದಿಸುವುದುಂಟು. ಇದು ಸರಿಯಲ್ಲ. ದೇವಾಲಯದಲ್ಲಿ ವ್ಯಾಪಾರಕ್ಕಿಳಿದವರ ಮೇಜುಗಳನ್ನು ಉರುಳಿಸಿದವನೂ ಅದೇ ಯೇಸುವೇ. 1974ರ ರೈಲ್ವೇ ಮುಷ್ಕರಕ್ಕೆ ಮುಂದಾದವರೂ ಇದೇ ಫೆರ್ನಾಂಡಿಸರೇ. ದೀನನ ಮುಂದೆ ಬಾಗುವುದು ಬೇರೆ, ಬಲಿಷ್ಠನ ಮುಂದೆ ಬಾಗುವುದು ಬೇರೆ.

ಮುಂದಾಳಿನ ನಿಜವಾದ ಪರೀಕ್ಷೆ ನಡೆಯುವುದು ಬೀದಿಯಲ್ಲಲ್ಲ, ಕುರ್ಚಿ ಸಿಕ್ಕ ಮೇಲೆ. ಕೇಂದ್ರ ಮಂತ್ರಿಯಾದಾಗಲೂ ಫೆರ್ನಾಂಡಿಸರು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಇದು ಮೆಚ್ಚತಕ್ಕ ಮಾತು. ಆದರೆ 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸರನ್ನು ಇಬ್ಬರು ಎಳೆಯ ಮಕ್ಕಳೊಡನೆ ವಾಹನದೊಳಗೆ ಸುಟ್ಟು ಕೊಂದರು. ವಿಚಾರಿಸಲು ಹೋದ ಮೂವರು ಮಂತ್ರಿಗಳಲ್ಲಿ ಫೆರ್ನಾಂಡಿಸರೂ ಒಬ್ಬರು. ಆ ತಂಡವು ಇದರ ಹಿಂದೆ ಅಂತರರಾಷ್ಟ್ರೀಯ ಸಂಚಿದೆ ಎಂದಿತು. ಮುಂದೆ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು ದಾರಾ ಸಿಂಗ್ ಎಂಬವನಿಗೆ. ಚೌಪಾಟಿಯ ಬೆಂಚಿನಿಂದ ಎದ್ದು ಬಂದವರಿಂದ ಆ ದಿನ ನೊಂದವರ ಪರವಾದ ಮಾತನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಸರಳ ಉಡುಪು ಒಂದೇ ಸಾಲದು, ಬಂಧುಗಳೆ; ನಾಲಿಗೆಯೂ ಬಡವರ ಪಂಕ್ತಿಯಲ್ಲಿಯೇ ಉಳಿಯಬೇಕು.

ಅದೇ ದುರಂತದಲ್ಲಿ ಇನ್ನೊಂದು ಮಾದರಿಯೂ ಇದೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಅವರಿಗೆ ಯಾವ ಕುರ್ಚಿಯೂ ಇರಲಿಲ್ಲ. ಕೊಂದವರನ್ನು ಕ್ಷಮಿಸಿದ್ದೇನೆಂದು ಸಾರಿ, ಮಗಳೊಡನೆ ಬಾರಿಪದದಲ್ಲಿಯೇ ನಿಂತು, 2004ರವರೆಗೂ ಆ ರೋಗಿಗಳ ಸೇವೆ ಮುಂದುವರಿಸಿದರು. ಕ್ರೈಸ್ತ ಮುಂದಾಳುತನವೆಂದರೆ ಏನೆಂದು ಕೇಳುವವರಿಗೆ ಅವರ ಕಡೆ ಬೆರಳು ತೋರಿಸಿದರೆ ಸಾಕು.

ನಮ್ಮ ಸಂಘಗಳ ಕಡೆಗೂ ಒಮ್ಮೆ ನೋಡೋಣ. ವಾರ್ಷಿಕೋತ್ಸವದ ದಿನ ವೇದಿಕೆಯ ಅತಿಥಿಗಳಿಗೆ ಒಳಗೆ ಬೇರೆ ಎಲೆ, ಕುರ್ಚಿ ಹೊತ್ತ ಹುಡುಗನಿಗೆ ಹೊರಗೆ ಉಳಿದ ಅನ್ನ. ಇದೂ ಎತ್ತರದ ಮೇಜೇ. ಮುಂದಿನ ಮಹಾಸಭೆಯಲ್ಲಿ ಪದಾಧಿಕಾರಿಗಳನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಿರಿ. ಇವರು ಯಾವ ಪಂಕ್ತಿಯಲ್ಲಿ ಉಣ್ಣುತ್ತಾರೆ? ಕೆಲಸ ಹೋದ ಸದಸ್ಯನ ಖೋಲಿಗೆ ಇವರು ಹೋಗಿದ್ದಾರೆಯೇ? ವರ್ಗಣಿಯ ಲೆಕ್ಕ ಕೇಳಿದವನಿಗೆ ಸಿಡುಕದೆ ಪುಸ್ತಕ ತೆರೆದು ತೋರಿಸುತ್ತಾರೆಯೇ? ಮೂರಕ್ಕೂ ಸರಿಯಾದ ಉತ್ತರ ದೊರೆತವರಿಗೆ ನಿಮ್ಮ ಮತ ಕೊಡಿರಿ. ಅವರಿಗೆ ಹಾರ ಹಾಕಲು ಮರೆತರೂ ಚಿಂತೆಯಿಲ್ಲ.