ಆ ಕಣ್ಣೀರು ನಟನೆಯಾಗಿರಲಿಲ್ಲ

ಸಿನಿಮಾದಲ್ಲಿ ಕಾಮದ ಮಾತು ಬಂದಾಗಲೆಲ್ಲ ನಾವು ಎರಡು ಬಣಗಳಾಗಿ ಒಡೆದು ಹೋಗುತ್ತೇವೆ. ಒಂದು ಬಣ ‘ಅಶ್ಲೀಲ’ ಎಂದು ಬೊಬ್ಬೆ ಹೊಡೆಯುತ್ತದೆ. ಇನ್ನೊಂದು ‘ಇದು ಕಲೆ’ ಎಂದು ಎದೆ ತಟ್ಟಿಕೊಳ್ಳುತ್ತದೆ. ಈ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಮಾತ್ರ ಅನಾಥವಾಗಿ ಉಳಿಯುತ್ತದೆ: ತೆರೆಯ ಮೇಲಿನ ಆ ಹೆಣ್ಣಿಗೆ ಇದೆಲ್ಲ ಒಪ್ಪಿಗೆಯಿತ್ತೇ?

1972ರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ ಚಿತ್ರದ ಬಗ್ಗೆ ಈ ಪ್ರಶ್ನೆ ಕೇಳಲು ಜಗತ್ತಿಗೆ ದಶಕಗಳೇ ಬೇಕಾದವು. ಇಟಲಿಯ ಬರ್ನಾರ್ಡೊ ಬೆರ್ಟೊಲುಚಿ ಅದರ ನಿರ್ದೇಶಕ. ಕತೆ ಇಷ್ಟೆ. ಹೆಂಡತಿ ಸತ್ತ ನಡುವಯಸ್ಸಿನ ಅಮೆರಿಕನ್ ಒಬ್ಬ ಪ್ಯಾರಿಸ್ಸಿನ ಖಾಲಿ ಮನೆಯಲ್ಲಿ ತರುಣಿಯೊಬ್ಬಳನ್ನು ಕೂಡುತ್ತಾನೆ. ಪರಸ್ಪರ ಹೆಸರು ಕೇಳಬಾರದು, ಹಿಂದಿನ ಬದುಕು ಹೇಳಿಕೊಳ್ಳಬಾರದು ಎಂಬುದು ಅವನ ಕಟ್ಟಳೆ. ಕಟ್ಟಳೆ ಮಾಡಿದವನೂ ಅವನೇ, ತನಗೆ ಬೇಕಾದಾಗ ಮುರಿದು ‘ಪ್ರೀತಿ’ ಎಂದು ಬೆನ್ನು ಹತ್ತಿದವನೂ ಅವನೇ. ಕೊನೆಗೆ ಆಕೆ ಪಿಸ್ತೂಲು ಎತ್ತಬೇಕಾಗುತ್ತದೆ.

ವಿಪರ್ಯಾಸ ನೋಡಿ, ಗಂಡಸಿನ ಈ ದರ್ಪವನ್ನು ಕತೆಯಲ್ಲಿ ಬಯಲು ಮಾಡಿದವರೇ ಚಿತ್ರೀಕರಣದಲ್ಲಿ ಅದನ್ನೇ ಮಾಡಿದರು. ನಾಯಕಿ ಮರಿಯಾ ಶ್ನೈಡರ್‌ಗೆ ಆಗ 19 ವರ್ಷ. ನಾಯಕ ಮಾರ್ಲನ್ ಬ್ರಾಂಡೊ ಐವತ್ತರ ಸಮೀಪದ ಜಗದ್ವಿಖ್ಯಾತ ನಟ. ಒಂದು ಬೆಳಿಗ್ಗೆ ಬ್ರೆಡ್ಡು ಬೆಣ್ಣೆಯ ಉಪಾಹಾರದ ಮುಂದೆ ಕುಳಿತು ನಟ, ನಿರ್ದೇಶಕ ಇಬ್ಬರೂ ಬಲಾತ್ಕಾರದ ದೃಶ್ಯವೊಂದರಲ್ಲಿ ಆ ಬೆಣ್ಣೆಯನ್ನು ಬಳಸಲು ನಿಶ್ಚಯಿಸಿದರು. ಹುಡುಗಿಯ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಸಂಭೋಗ ನಟನೆಯೇ ಆಗಿತ್ತು. ಆದರೆ ತನ್ನ ಕಣ್ಣೀರು ನಿಜವಾಗಿತ್ತೆಂದೂ, ಆ ಇಬ್ಬರಿಂದಲೂ ತುಸು ಅತ್ಯಾಚಾರಕ್ಕೆ ಒಳಗಾದಂತೆ ಅನಿಸಿತೆಂದೂ ಮರಿಯಾ 2007ರಲ್ಲಿ ಹೇಳಿದರು. ಚಿತ್ರಕತೆಯಲ್ಲಿ ಇಲ್ಲದ್ದನ್ನು ಮಾಡಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ಆ ವಯಸ್ಸಿನಲ್ಲಿ ತನಗೆ ತಿಳಿದಿರಲಿಲ್ಲ ಎಂದರು. ದೃಶ್ಯ ಮುಗಿದ ಮೇಲೆ ಬ್ರಾಂಡೊ ಒಂದು ಸಮಾಧಾನದ ಮಾತನ್ನೂ ಆಡಲಿಲ್ಲವಂತೆ.

2011ರಲ್ಲಿ ಮರಿಯಾ ತೀರಿಕೊಂಡರು. ಎರಡು ವರ್ಷಗಳ ನಂತರ ನಿರ್ದೇಶಕರು ಬಾಯಿ ಬಿಟ್ಟರು: ತಮಗೆ ಬೇಕಿದ್ದುದು ನಟಿಯ ಅಭಿನಯವಲ್ಲ, ಹುಡುಗಿಯ ನಿಜವಾದ ಅವಮಾನ, ಅಪರಾಧಿ ಭಾವವಿದೆ, ಪಶ್ಚಾತ್ತಾಪವಿಲ್ಲ. 2016ರಲ್ಲಿ ಕೋಲಾಹಲವೆದ್ದಾಗ, ಬಲಾತ್ಕಾರ ಚಿತ್ರಕತೆಯಲ್ಲಿತ್ತು, ಮುಚ್ಚಿಟ್ಟದ್ದು ಬೆಣ್ಣೆಯ ಸಂಗತಿ ಮಾತ್ರ ಎಂದು ಸಮಜಾಯಿಷಿ ಕೊಟ್ಟರು. ಮುಚ್ಚಿಟ್ಟದ್ದು ಎಷ್ಟೆಂಬುದಲ್ಲ ಪ್ರಶ್ನೆ. ಮುಚ್ಚಿಟ್ಟದ್ದು ಆಕೆ ಅವಮಾನಗೊಳ್ಳಲೆಂದೇ ಅಲ್ಲವೇ?

ನಾವೂ ಕತೆ ಬರೆಯುವವರು. ಕತೆಯಲ್ಲಿ ಅಳು ಬೇಕೆಂದು ನೆರೆಮನೆಯ ಹುಡುಗಿಯನ್ನು ಹೊಡೆದು ಅಳಿಸಿ ಬರೆದುಕೊಳ್ಳುವುದಿಲ್ಲ. ಹಾಗೆ ಅಳಿಸಲೇಬೇಕಾಗಿದ್ದರೆ ನಟಿಯಾದರೂ ಏಕೆ, ನಟನೆಯಾದರೂ ಏಕೆ?

ಕಲೆಯ ಬಣ ಈ ಚಿತ್ರವನ್ನು ಹೊತ್ತು ಮೆರೆಯಿತು. ನಟನೂ ನಿರ್ದೇಶಕನೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ನೈತಿಕತೆಯ ಬಣವಾದರೂ ಹುಡುಗಿಯ ಪರ ನಿಂತಿತೇ? 1976ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಚಿತ್ರದ ಪ್ರತಿಗಳನ್ನು ನಾಶ ಮಾಡಲು ಆಜ್ಞಾಪಿಸಿತು. ಬೆರ್ಟೊಲುಚಿಗೆ 4 ತಿಂಗಳ ಅಮಾನತು ಶಿಕ್ಷೆಯಾಯಿತು. ಅಪರಾಧ? ಅಶ್ಲೀಲತೆ! ಪ್ರೇಕ್ಷಕರ ಮರ್ಯಾದೆಗೆ ಧಕ್ಕೆಯಾದದ್ದು ಕಾನೂನಿಗೆ ಕಂಡಿತು. ಹುಡುಗಿಯ ಮರ್ಯಾದೆಗೆ ಆದದ್ದು ಕಾಣಲಿಲ್ಲ. ಬೀದಿಯಲ್ಲಿ ಜನ ನೋಡುತ್ತಿದ್ದ ಬಗೆಯನ್ನು ಸಹಿಸಲಾರದೆ, ಮಾದಕ ವ್ಯಸನಕ್ಕೆ ಬಿದ್ದು, ಆತ್ಮಹತ್ಯೆಗೂ ಯತ್ನಿಸಿ ಆಕೆ ಒಂಟಿಯಾಗಿ ಬೆಂದರು.

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುತ್ತೇವೆ. ‘ಖಾಮೋಶಿ ನೀಮ್ ರಜಾ’ ಎಂದು ಉರ್ದುವಿನಲ್ಲೂ ಅದೇ ಮಾತಿದೆ: ಮೌನವೆಂದರೆ ಅರ್ಧ ಒಪ್ಪಿಗೆ. ಎರಡು ಭಾಷೆಯ ಹಿರಿಯರೂ ಎಷ್ಟು ಸಲೀಸಾಗಿ ಹೆಣ್ಣಿನ ಬಾಯಿಯ ಮಾತನ್ನು ತಾವೇ ಆಡಿ ಮುಗಿಸಿದ್ದಾರೆ! ರಜಾಮಂದಿ ಬೇರೆ, ಮಜಬೂರಿ ಬೇರೆ. ಕ್ಯಾಮೆರಾ ಸಿದ್ಧವಾಗಿ ನಿಂತಾಗ, ಸುತ್ತ ದೊಡ್ಡವರೇ ತುಂಬಿರುವಾಗ, 19ರ ಹುಡುಗಿ ಬಾಯಿ ತೆರೆಯದಿದ್ದರೆ ಅದು ಒಪ್ಪಿಗೆಯಲ್ಲ, ಭಯ.

ಇದು ದೂರದ ಪ್ಯಾರಿಸ್ಸಿನ ಹಳೆಯ ಕತೆಯೆಂದು ಕೈತೊಳೆದುಕೊಳ್ಳುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಹೊರಬಂದ ಕೇರಳದ ಹೇಮಾ ಸಮಿತಿಯ ವರದಿಯಲ್ಲೂ, ಒಪ್ಪಿಕೊಂಡಿದ್ದಕ್ಕಿಂತ ಹೆಚ್ಚು ಮೈ ತೋರಲು ನಟಿಯನ್ನು ಒತ್ತಾಯಿಸಿದ ಪ್ರಸಂಗವಿದೆ. ಅಂಥದೇ ಸಮಿತಿ ನಮಗೂ ಬೇಕೆಂದು ಮರುತಿಂಗಳೇ ಕನ್ನಡ ಚಿತ್ರರಂಗದವರ ‘ಫೈರ್’ ಸಂಘಟನೆ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿತು. ಆಪ್ತ ದೃಶ್ಯಗಳ ಎಲ್ಲೆಯನ್ನು ಮೊದಲೇ ಮಾತಾಡಿ ಗೊತ್ತುಪಡಿಸುವ ‘ಇಂಟಿಮಸಿ ಕೋಆರ್ಡಿನೇಟರ್’ ಎಂಬ ಹುದ್ದೆ ಇಂದು ಹಲವೆಡೆ ಬಂದಿದೆ. ಇದರಿಂದ ಕಲೆ ಸೊರಗುತ್ತದೆ ಎಂದು ಗೊಣಗುವವರಿದ್ದಾರೆ. ಅವರಿಗೆ ನಮ್ಮದೊಂದೇ ಪ್ರಶ್ನೆ: ನಿಮ್ಮ ಮಗಳ ಕಣ್ಣೀರಿನಿಂದ ಬೆಳೆಯುವ ಕಲೆ ನಿಮಗೆ ಬೇಕೇ?

ಚಿತ್ರವನ್ನು ಸುಡುವುದರಿಂದ ಮರಿಯಾಗೆ ನ್ಯಾಯ ಸಿಗದು, ಕಣ್ಮುಚ್ಚಿ ಹೊಗಳುವುದರಿಂದಲೂ ಸಿಗದು. 2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಚಲನಚಿತ್ರ ಸಂಗ್ರಹಾಲಯವೊಂದು ಮಹಿಳಾ ಸಂಘಟನೆಗಳ ಪ್ರತಿಭಟನೆಯ ನಂತರ ಇದರ ಪ್ರದರ್ಶನವನ್ನು ರದ್ದು ಮಾಡಿತು. ತೋರಿಸಬಾರದೆಂದು ನಾವು ಹೇಳುತ್ತಿಲ್ಲ. ತೋರಿಸುವ ಮೊದಲು ಆ ಹುಡುಗಿಯ ಮಾತನ್ನೂ ಕೇಳಿಸಿ. ಕತೆಯಲ್ಲಿ ಆಕೆಯ ಕೈಗೆ ಪಿಸ್ತೂಲು ಕೊಟ್ಟವರು, ನಿಜ ಬದುಕಿನಲ್ಲಿ ‘ಬೇಡ’ ಎನ್ನುವ ಅವಕಾಶವನ್ನೂ ಕೊಟ್ಟಿರಲಿಲ್ಲ.